ಬಟಾಣಿ ಹೊಲದ ಗಿರಗಿಟ್ಲೆ

ಪಂಪ್‌ಹೌಸ್ ಕಾಟೇಜ್
ಕಾಸ್‌ವೆಲ್ ಡ್ರೋವ್, ಲಿಂಕನ್‌ಷೈರ್
14 ಜುಲೈ 2009, ಮಂಗಳವಾರ

ಪ್ರಿಯ ಸಿರಿಲ್,

ದಣಿವಿಲ್ಲದೆ ಸುತ್ತುವುದನ್ನು ಹಕ್ಕಿ ಎರಡನೆಯ ಸಲ ನಂಬುವುದಿಲ್ಲ ಎಂದೆಯೋ, ಎರಡನೆಯ ಸಲ ನೋಡುವುದಿಲ್ಲ ಎಂದೆಯೋ, ಬೆಳಿಗ್ಗೆಯಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಎರಡೂ ಒಂದೇ ಅಲ್ಲ. ನೋಡದಿರುವುದು ಅಸಡ್ಡೆ, ನಂಬದಿರುವುದಕ್ಕೆ ಮೊದಲು ಏನಾದರೂ ನಡೆದಿರಬೇಕು. ಸ್ಯಾಂಡ್‌ವಿಚ್ ಅಗಿಯುತ್ತ ಅಂದ ಮಾತು ಅದು, ಅರ್ಧ ನಿನ್ನ ಬಾಯಲ್ಲೇ ಉಳಿದಿರಬೇಕು. ನಾನು ನಕ್ಕಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಎರಡು ವರ್ಷ ಸುಮ್ಮನಿದ್ದು ಈಗ ಹೀಗೆ ನಡುವಿನಿಂದ ಶುರುಮಾಡಿದ್ದಕ್ಕೆ ಬೈದುಕೊ. ಹನ್ನೊಂದು ಮೈಲಿ ದೂರದಲ್ಲಿರುವವನಿಗೆ ಅಂಚೆಚೀಟಿ ಹಚ್ಚುವುದು ನನಗೂ ನಾಚಿಕೆಯೇ. ಬಂದು ಬಾಗಿಲು ತಟ್ಟಬಹುದಿತ್ತು. ತಟ್ಟಿದರೆ ಎನಿಡ್ ತೆರೆಯುತ್ತಾಳೆ, ನೀನು ತೋಟದಲ್ಲಿರುತ್ತೀಯ. ಹಾಳೆಯ ಹಿಂಬದಿಯಲ್ಲಿ ಕಾಲುವೆಯ ನೀರಿನ ಮಟ್ಟ ಬರೆದ ಗೀಟುಗಳಿವೆ, ಅವನ್ನು ಓದಬೇಡ. ಪಂಪ್‌ಹೌಸಿನಲ್ಲಿ ಬೇರೆ ಕಾಗದ ಸಿಗಲಿಲ್ಲ. ನಿಮ್ಮಿಬ್ಬರ ಆರೋಗ್ಯ ಚೆನ್ನಾಗಿದೆ ಎಂದುಕೊಂಡಿದ್ದೇನೆ. ನನ್ನದು ಐವತ್ತಮೂರಕ್ಕೆ ಹೇಗಿರಬೇಕೋ ಹಾಗಿದೆ.

ಕೆಲಸದ ಮಾತು ಮೊದಲು. ಬರುವ ಶನಿವಾರ, ಹದಿನೆಂಟಕ್ಕೆ, ಡೌಸ್‌ನ ಬಟಾಣಿ ಹೊಲಕ್ಕೆ ಪಾರಿವಾಳ ಹೊಡೆಯಲು ನನ್ನ ಜೊತೆ ಬಾ. ಮೊದಲಿನ ಹಾಗೆ ಅಡಗಿ ಕೂರಲು ಒಂದೇ ಮರೆ, ಅದರೊಳಗೆ ಇಬ್ಬರು. ಗಿರಗಿಟ್ಲೆ ಇರುವುದಿಲ್ಲ. ಡೌಸ್‌ನ ಮಗ ಜೂಲಿಯನ್ ತಾನಾಗಿಯೇ ನಿನ್ನ ಹೆಸರೆತ್ತಿದ. ಅದು ಹೇಗೆಂದು ಮುಂದೆ ಬರೆಯುತ್ತೇನೆ. ನೀನು ಬರುವವನಲ್ಲ ಎಂದು ಗೊತ್ತು. ಆದರೆ ಆ ದಿನ ನಡೆದದ್ದನ್ನು ನಡೆದ ಹಾಗೆ ತಿಳಿದುಕೊಂಡು ಬಾರದಿರು. ನಾನು ಕೇಳುವುದು ಅಷ್ಟೇ.

ಹೋದ ಗುರುವಾರ ಪೇಟೆಯಲ್ಲಿ, ಮಾಂಸದಂಗಡಿಯ ಸಾಲಿನಲ್ಲಿ, ಎನಿಡ್ ನನ್ನ ಮುಂದೆಯೇ ನಿಂತಿದ್ದಳು. ನಾನು ಹಲೋ ಎನ್ನುವ ಮೊದಲೇ ಶುರುಮಾಡಿದಳು.

"ಅವನು ತೋಟದಲ್ಲಿದ್ದಾನೆ ಅಂತ ಫೋನಲ್ಲಿ ಇನ್ನೆಷ್ಟು ಸಲ ಹೇಳ್ಲಿ ಡೆಸ್? ನಮ್ಮ ತೋಟ ಇರೋದು ಒಂದು ಹಾಸಿಗೆ ಹಾಸೋಷ್ಟು. ಅಷ್ಟು ಹೊತ್ತು ಅಲ್ಲಿ ಯಾರಿರ್ತಾರೆ, ನಿನಗೇ ಗೊತ್ತಾಗಬೇಡ್ವಾ?"

"ಗೊತ್ತಾಗಿದೆ. ಆದರೂ ಕೇಳ್ತೀನಿ. ಏನು ಮಾಡ್ತಾನೆ ಅಲ್ಲಿ?"

"ಪಾರಿವಾಳಕ್ಕೆ ಕಾಳು ಹಾಕ್ತಾನೆ."

ಹಿಂದಿದ್ದ ಹೆಂಗಸು ನಕ್ಕಳು. ಎನಿಡ್ ನಗಲಿಲ್ಲ.

"ನಿಜ ಹೇಳ್ತಿದೀನಿ. ನಲವತ್ತು ವರ್ಷ ಗುಂಡು ಹೊಡೆದು ಕೊಂದವನು, ಈಗ ಬೆಳಗಾದ್ರೆ ಡಬ್ಬ ಹಿಡ್ಕೊಂಡು ಹೋಗ್ತಾನೆ. ಒಂದು ದಪ್ಪದ್ದು ಬರುತ್ತೆ, ಮಿಕ್ಕವನ್ನೆಲ್ಲ ರೆಕ್ಕೆಯಲ್ಲಿ ಬಡಿದೋಡಿಸಿ ತಾನೊಂದೇ ತಿನ್ನುತ್ತೆ. ಅದಕ್ಕೆ ನಿನ್ನ ಹೆಸರಿಟ್ಟಿದ್ದಾನೆ."

ನಾನು ಅರ್ಧ ಪೌಂಡ್ ಸಾಸೇಜ್ ತಗೊಂಡು ಬಂದೆ. ಯಾಕೆ ತಗೊಂಡೆನೋ ಗೊತ್ತಿಲ್ಲ. ನಾನು ಹೋದದ್ದು ಮೂಳೆಗೆ.

ನಿನಗೆ ಹೇಳಬೇಕಾದದ್ದು ಗಿರಗಿಟ್ಲೆಯಿಂದಲೇ ಶುರುವಾಗಬೇಕು. ಅದಕ್ಕೆ ಆ ಹೆಸರು ಕೊಟ್ಟವನೂ ನೀನೇ. ಮೊದಲ ದಿನ ನಾನು ಕಂಬ ನೆಟ್ಟು, ಎರಡು ಉದ್ದ ತೋಳು ಸಿಕ್ಕಿಸಿ, ತೋಳಿನ ತುದಿಗೊಂದರಂತೆ ಸತ್ತ ಪಾರಿವಾಳವನ್ನು ರೆಕ್ಕೆ ಬಿಚ್ಚಿ ಕೂರಿಸಿ, ಕೆಳಗೆ ಕಾರಿನ ಬ್ಯಾಟರಿ ಜೋಡಿಸುವ ತನಕ ನೀನು ಕೈಕಟ್ಟಿ ನೋಡುತ್ತಿದ್ದೆ. "ಎನಿಡ್‌ಗೆ ಕೊಡು ಮಾರಾಯ, ಬಟ್ಟೆ ಒಣಗಿಸ್ತಾಳೆ," ಎಂದೆ. ಆಮೇಲೆ ನಾನು ಗುಂಡಿ ಒತ್ತಿದೆ. ಸತ್ತ ಹಕ್ಕಿಗಳು ಎರಡೂ ಬಟಾಣಿಯ ಮೇಲೆ ಸುತ್ತತೊಡಗಿದವು, ರೆಕ್ಕೆಯ ಬಿಳಿ ಪಟ್ಟಿ ಹೊಳೆದು ಮರೆಯಾಗಿ ಹೊಳೆದು, ಇಳಿಯಲು ಜಾಗ ಹುಡುಕುವ ಹಕ್ಕಿಗಳ ಹಾಗೆಯೇ. ಅರ್ಧ ಮೈಲಿ ಆಚೆ ಹೋಗುತ್ತಿದ್ದ ಹಿಂಡು ದಾರಿ ಬಿಟ್ಟು ದಾರ ಕಟ್ಟಿ ಎಳೆದ ಹಾಗೆ ನಮ್ಮ ಕಡೆ ತಿರುಗಿತು. ಹತ್ತು ತೋಟಾ ನಿನ್ನದು, ಹತ್ತು ನನ್ನದು, ಒಬ್ಬನ ಬಂದೂಕು ಹೊರಗಿದ್ದರೆ ಇನ್ನೊಬ್ಬನದು ಚೀಲದಲ್ಲಿ. ಅದು ನಮ್ಮ ಕ್ರಮ. ಆ ದಿನ ನಿನ್ನ ಹತ್ತು ಮುಗಿದದ್ದೂ ನಿನಗೆ ತಿಳಿಯಲಿಲ್ಲ. ಹದಿನಾಲ್ಕು ಹೊಡೆದೆ. ನಾನು ಎಣಿಸಿದೆ, ಹೇಳಲಿಲ್ಲ.

ಎರಡು ಬೇಸಿಗೆ ಹಾಗೆಯೇ ನಡೆಯಿತು. ಮೂರನೆಯದರಲ್ಲಿ ನೀನು ಗೊಣಗತೊಡಗಿದೆ. ಅದನ್ನು ನಿಲ್ಲಿಸು, ಇದು ಪ್ಲಾಸ್ಟಿಕ್ಕಿನ ನಕಲಿ ಹಕ್ಕಿ ಹದಿನೈದು ಇಟ್ಟರೆ ಸಾಕಾದ ಹೊಲ, ಹಿಂಡಿಗೆ ಜಾಗ ಬಿಟ್ಟು ಕುದುರೆಲಾಳದ ಆಕಾರದಲ್ಲಿ ಇಡು, ಗಾಳಿ ನೋಡು, ಸುಮ್ಮನೆ ಕೂರು. ನಾನು ನಿಲ್ಲಿಸಲಿಲ್ಲ. ನನ್ನದು ತಂತ್ರಜ್ಞಾನದ ಪಕ್ಷ, ನಿನ್ನದು ಮುದುಕರ ಪಕ್ಷ ಎಂದು ಪಬ್ಬಿನಲ್ಲಿ ಎಲ್ಲರೂ ನಗುತ್ತಿದ್ದರು. ಅಲ್ಲಿ ಒಪ್ಪಿಕೊಳ್ಳುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಈಗ ಒಪ್ಪಿಕೊಳ್ಳುತ್ತೇನೆ, ಕೇಳು. ನೀನು ಹೇಳಿದ್ದು ಸರಿ ಎಂದು ನನಗೆ ಮೊದಲೇ ಗೊತ್ತಾಗಿತ್ತು. ಎರಡು ಚಳಿಗಾಲ ಪಂಪ್‌ಹೌಸಿನ ದಂಡೆಯ ಮೇಲೆ ಬೈನಾಕ್ಯುಲರ್ ಹಿಡಿದು, ಗಿರಗಿಟ್ಲೆಯನ್ನು ಆಚೆ ಹೊಲದಲ್ಲಿ ಬಿಟ್ಟು, ಬಂದೂಕಿಲ್ಲದೆ ಸುಮ್ಮನೆ ನೋಡುತ್ತ ಕೂತಿದ್ದೇನೆ. ದೂರದಿಂದ ಬರುತ್ತವೆ. ಎಂಬತ್ತು ಗಜದ ಹತ್ತಿರ, ಗಾಜಿಗೆ ತಾಗಿದ ಹಾಗೆ, ಒಟ್ಟಿಗೆ ಸಿಡಿದು ಪಕ್ಕಕ್ಕೆ ಹೋಗುತ್ತವೆ. ಮರಿಗಳು ಮಾತ್ರ ಒಳಗೆ ಬರುತ್ತವೆ. ಅದನ್ನು ನಂಬಿದವೆಲ್ಲ ನಮ್ಮ ಫ್ರೀಜರಿನಲ್ಲಿದ್ದವು; ನಂಬದವು ಮೊಟ್ಟೆಯಿಟ್ಟಿದ್ದವು. ಹತ್ತು ವರ್ಷದಲ್ಲಿ ನಾವು ಈ ಪ್ರಾಂತದ ಪಾರಿವಾಳಗಳಿಗೆಲ್ಲ ಸಂಶಯವನ್ನು ಸಾಕಿ ಬೆಳೆಸಿದ್ದೆವು. ಯಂತ್ರ ಸಹಾಯ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ, ಯಾವ ವರ್ಷ ಎಂದು ಕೇಳಬೇಕು.

ಹೀಗಿರುವಾಗ ಮುದುಕ ಡೌಸ್ ಸತ್ತ.

ಅವನು ನಿನಗೆ ಆ ನೆಲ, ಅಂದರೆ ಅಲ್ಲಿ ಬೇಟೆಯಾಡುವ ಒಪ್ಪಿಗೆ, ಕೊಟ್ಟದ್ದು ಕೈಕುಲುಕಿ. ಮೂವತ್ತೊಂದು ವರ್ಷ ಒಂದು ಚೀಟಿ ಇರಲಿಲ್ಲ. ಕ್ರಿಸ್‌ಮಸ್ಸಿಗೆ ಸುಲಿದು ತೊಳೆದ ಎರಡು ಜೋಡಿ ಪಾರಿವಾಳ, ಎನಿಡ್ ಮಾಡಿದ ಪ್ಲಮ್ ಬ್ರೆಡ್ಡು, ಅಷ್ಟೇ. ನಾನು ಆ ಗೇಟು ದಾಟಿದ್ದು ನಿನ್ನ ಅತಿಥಿಯಾಗಿ. ಅತಿಥಿಯಾಗಿ ಹೋದ ನೆಲವನ್ನು ತನಗೆ ಕೊಡೆಂದು ಒಡೆಯನನ್ನು ಕೇಳಬಾರದು, ಒಡೆಯ ತಾನಾಗಿ ಕೊಟ್ಟರೂ ತಗೊಳ್ಳಬಾರದು. ಇದನ್ನು ನೀನು ನನಗೆ ಹೇಳಿಕೊಟ್ಟದ್ದಲ್ಲ, ನಮ್ಮವರಲ್ಲಿ ಯಾರಿಗೂ ಹೇಳಿಕೊಡಬೇಕಾಗುವುದಿಲ್ಲ. ಹೆಂಡತಿಯನ್ನು ಕದ್ದವನ ಜೊತೆ ಈ ಊರಿನಲ್ಲಿ ಬಿಯರ್ ಕುಡಿಯುತ್ತಾರೆ. ನೆಲ ಕದ್ದವನು ಒಳಗೆ ಬಂದರೆ ಕುರ್ಚಿ ತಿರುಗಿಸಿ ಕೂರುತ್ತಾರೆ. ಈ ಎರಡು ವರ್ಷ ನಾನು ಬರೀ ಕುರ್ಚಿಗಳ ಬೆನ್ನನ್ನು ನೋಡಿದ್ದೇನೆ.

ಮಗ ಜೂಲಿಯನ್ ಕೊಟ್ಟಿಗೆಯ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಅಂದದ್ದು ನಿನಗೂ ನೆನಪಿರಬೇಕು. "ನೋಡಿ, ವಿಮೆಯವರು ಇಲ್ಲಿ ಬೇಟೆಗೆ ಒಂದೇ ಹೆಸರು ಕೇಳ್ತಿದಾರೆ. ಯಾರಾದ್ರೂ ಒಬ್ಬರು. ಅಪ್ಪನ ಕಾಲದ ಕೈಕುಲುಕೋದೆಲ್ಲ ಅಪ್ಪನ ಜೊತೆ ಹೋಯ್ತು." ನೀನು ಟೋಪಿ ಸರಿಮಾಡಿಕೊಂಡೆ. ಅವನಿಗೆ ಅದು ಮುಜುಗರವಾಯಿತೋ ಏನೋ, ತಮಾಷೆಗೆ ತಿರುಗಿಸಿದ. "ನಿಮ್ಮಿಬ್ಬರ ಯಂತ್ರದ ಜಗಳ ಪಬ್ಬಲ್ಲೆಲ್ಲ ಕೇಳಿದೀನಿ. ಶನಿವಾರ ಒಬ್ಬೊಬ್ಬರು ಒಂದೊಂದು ತುದಿಯಲ್ಲಿ ಕೂತ್ಕೊಳ್ಳಿ. ಸಂಜೆ ನಾನು ಬಂದು ನೋಡಿ ಹೆಸರು ಬರ್ಕೋತೀನಿ."

ನಾನು ಅಲ್ಲೇ, ಆಗಲೇ ಹಿಂದೆ ಸರಿಯಬಹುದಿತ್ತು. ಸರಿದಿದ್ದರೆ ನೀನು ನಿನ್ನ ನೆಲವನ್ನು ನನ್ನ ಕೈಯಿಂದ ತಗೊಂಡ ಹಾಗಾಗುತ್ತಿತ್ತು. ಅರವತ್ತೆಂಟರ ವಯಸ್ಸಿನಲ್ಲಿ ನೀನು ಅದನ್ನು ಸಹಿಸುತ್ತಿರಲಿಲ್ಲ. ಬೇಡ ಎಂದು ಹೊರಟೇ ಹೋಗುತ್ತಿದ್ದೆ. ಅದಕ್ಕೇ ಸೋಲೋಣ ಎಂದುಕೊಂಡೆ. ಚೆನ್ನಾಗಿ, ಎಲ್ಲರೂ ನೋಡುವ ಹಾಗೆ ಸೋಲೋಣ, ನಿನಗೇ ಗೊತ್ತಾಗದ ಹಾಗೆ.

ಅದು ಸುಲಭವಿತ್ತು, ಯಂತ್ರವಿತ್ತಲ್ಲ. ಬುಧವಾರ, ಗುರುವಾರ ಎರಡು ದಿನವೂ ಹೋಗಿ ಹಕ್ಕಿಗಳ ದಾರಿ ನೋಡಿಕೊಂಡೆ. ಇಗರ್ಜಿಯ ಎಲ್ಮ್ ಮರಗಳಿಂದ ಎದ್ದು, ಕಾಲುವೆ ದಾಟಿ, ಪೂರ್ವದ ತುದಿಯಲ್ಲಿ ಹೊಲಕ್ಕೆ ಬರುತ್ತಿದ್ದವು. ಶನಿವಾರ ನಾನು ಪೂರ್ವದ ತುದಿ ಬೇಕೆಂದಾಗ ನೀನು ಹುಬ್ಬು ಹಾರಿಸಿದೆ. ಒಳ್ಳೆಯ ಜಾಗ ದೋಚಿದೆ ಎಂದುಕೊಂಡಿರಬೇಕು. ಅವು ಒಳಗೆ ಬರುವ ಬಾಗಿಲಿನಲ್ಲೇ ಗಿರಗಿಟ್ಲೆ ನೆಟ್ಟು, ಬೆಳಿಗ್ಗೆ ಎಂಟಕ್ಕೆ ಹಾಕಿದ ಗುಂಡಿಯನ್ನು ಸಂಜೆಯ ತನಕ ಆರಿಸಲಿಲ್ಲ. ಹಿಂಡು ಹಿಂಡಾಗಿ ಬಂದವು, ನನ್ನ ಯಂತ್ರ ನೋಡಿ ಸಿಡಿದವು, ಬೇಲಿಯುದ್ದಕ್ಕೂ ಜಾರಿ ನಿನ್ನ ಹದಿನೈದು ಪ್ಲಾಸ್ಟಿಕ್ ಹಕ್ಕಿಗಳ ನಡುವೆ, ನೀನು ಬಿಟ್ಟ ಜಾಗದಲ್ಲಿ ಇಳಿದವು. ನಿನ್ನ ಬಂದೂಕಿನ ಸದ್ದು ಕೇಳುತ್ತ ನಾನು ಚಹಾ ಕುಡಿದೆ. ಸಿರಿಲ್, ಅಷ್ಟು ಹಿತವಾದ ದಿನ ನನಗೆ ಆ ಹೊಲದಲ್ಲಿ ಬೇರೆ ಇರಲಿಲ್ಲ. ಒಬ್ಬನ ಸಂತೋಷವನ್ನು ಅವನ ಬೆನ್ನ ಹಿಂದೆ ನಿಂತು ನಡೆಸುವುದರಲ್ಲಿ ಒಂದು ಬಗೆಯ ಸೊಕ್ಕು ಇರುತ್ತದೆ, ಅದೂ ಇತ್ತು.

ನೀನು ನೂರ ಮೂವತ್ತೇಳು. ನಾನು ಇಪ್ಪತ್ತೆರಡು, ಎಲ್ಲ ಮರಿಗಳೇ.

ಇಲ್ಲಿಗೆ ನಿಲ್ಲಿಸಬೇಕಾಗಿದೆ, ಎರಡನೆಯ ಪಂಪು ಕೆಮ್ಮುತ್ತಿದೆ.

ಬುಧವಾರ

ಫಿಲ್ಟರಿನಲ್ಲಿ ಕಳೆ ಸಿಕ್ಕಿತ್ತು. ಈಗ ಸರಿಯಾಗಿದೆ. ನಿನ್ನೆ ಬರೆದದ್ದನ್ನು ಓದಿದೆ. ನಾನು ಒಳ್ಳೆಯವನಂತೆ ಕಾಣುತ್ತಿದ್ದೇನೆ. ಅದು ನನಗೆ ಅಷ್ಟು ಹಿಡಿಸಲಿಲ್ಲ, ಆದರೂ ಮುಂದುವರಿಸುತ್ತೇನೆ.

ಸಂಜೆ ನಾವಿಬ್ಬರೂ ಹಕ್ಕಿಗಳನ್ನು ಗೇಟಿನ ಹತ್ತಿರದ ಟ್ರೇಲರಿಗೆ ತಂದ ಮೇಲೆ ಜೂಲಿಯನ್ ನಾಲ್ಕು ಚಕ್ರದ ಬೈಕಿನಲ್ಲಿ ಬಂದ. ನಿನ್ನ ರಾಶಿಯ ಕಡೆ ತಿರುಗಿಯೂ ನೋಡಲಿಲ್ಲ. ಗಾಳಿಗೆ ಮಲಗಿದ್ದ ಬಟಾಣಿಯಲ್ಲಿ ಬಗ್ಗಿ ಬಗ್ಗಿ ಕಾಯಿ ತಿರುವಿ ನೋಡುತ್ತ ಆ ತುದಿಯಿಂದ ಈ ತುದಿಯ ತನಕ ನಡೆದ. ಆಮೇಲೆ ನನ್ನ ಹತ್ತಿರ ಬಂದು, "ನಿನ್ನ ಕಡೆ ಒಂದು ಕಾಯಿಗೂ ಕೊಕ್ಕು ತಾಗಿಲ್ಲ. ಅವನ ಕಡೆ ಮದುವೆ ದಿಬ್ಬಣ ಉಂಡೆದ್ದ ಹಾಗಿದೆ," ಎಂದ.

"ಅವನು ನೂರ ಮೂವತ್ತೇಳು ಹೊಡೆದಿದ್ದಾನೆ," ಎಂದೆ.

"ಹೊಡೆಯೋಕೆ ಮುಂಚೆ ಅವು ತಿಂದಿದಾವಲ್ಲ. ನಾನು ಪಾರಿವಾಳ ತಿನ್ನಲ್ಲ ಡೆಸ್, ಬಟಾಣಿ ಬೆಳೀತೀನಿ. ನಿಮಗೆ ಹಕ್ಕಿ ಹೊಡೆಯೋಕೆ ಸರ್ಕಾರ ಒಪ್ಪಿಗೆ ಕೊಟ್ಟಿರೋದೂ ಬೆಳೆ ಕಾಯಲಿ ಅಂತ. ಅಪ್ಪನಿಗೆ ಮೂವತ್ತು ವರ್ಷ ಇದು ಹೊಳೀಲಿಲ್ಲ. ನಿನ್ನ ಯಂತ್ರ ಬೇಕು."

ಹಾಗೆ ಹೇಳಿ ಕಾಗದದಲ್ಲಿ ನನ್ನ ಹೆಸರು ಬರೆದುಕೊಂಡ. ನನಗೆ ಬಾಯಿ ಕಟ್ಟಿಹೋಯಿತು. ನಿನಗೆ ಅವನೇ ಹೋಗಿ ಹೇಳಿದ. ನೀನು ಬಂದೂಕನ್ನು ಚೀಲಕ್ಕೆ ಹಾಕಿ, ನನ್ನ ಮುಂದಿನಿಂದಲೇ ಹಾದು, ಕಾರು ಹತ್ತಿ ಹೊರಟೆ. ನನ್ನನ್ನು ನೋಡಲಿಲ್ಲ. ಅವತ್ತಿನಿಂದ ನೀನು ತೋಟದಲ್ಲಿದ್ದೀಯ.

ಆಮೇಲಿನದು ಚಿಕ್ಕ ಕಥೆ. ಎರಡು ಋತು ನಾನೊಬ್ಬನೇ ಕೂತೆ. ಯಂತ್ರ ಸುತ್ತುತ್ತಲೇ ಇರಬೇಕು ಎಂದು ಜೂಲಿಯನ್‌ನ ಕರಾರು. ಹಕ್ಕಿಯೇ ಬಾರದಂತೆ ನೋಡಿಕೊಳ್ಳಲು ಮರೆಯಲ್ಲಿ ಅಡಗಿ ಕೂತ ಬೇಟೆಗಾರ ನಾನು. ಹತ್ತು ತೋಟಾ ಮುಗಿದ ಮೇಲೆ ಅಭ್ಯಾಸದಿಂದ ಬಂದೂಕು ಚೀಲಕ್ಕೆ ಹಾಕುತ್ತಿದ್ದೆ. ಹಾಕಿ, ಈಗ ಯಾರ ಸರದಿ ಎಂದು ಒಂದು ಗಳಿಗೆ ಕಾಯುತ್ತಿದ್ದೆ. ಈ ಮೇ ತಿಂಗಳಲ್ಲಿ ಜೂಲಿಯನ್ ನನಗೆ ಒಂದು ಬಾಟಲಿ ವಿಸ್ಕಿ ಕೊಟ್ಟ. ಬಿಸಿಲಿನಿಂದ ವಿದ್ಯುತ್ತು ಮಾಡಿಕೊಂಡು ತಾವೇ ಸುತ್ತುವ ಐದು ಗಿರಗಿಟ್ಲೆ ತರಿಸಿದ್ದ. "ಇನ್ನು ಯಾರೂ ಕೂರೋದು ಬೇಡ. ವಿಮೆಯೂ ಬೇಡ," ಎಂದು ಕೈಕುಲುಕಿದ. ಅವನು ಕೈಕುಲುಕಿದ್ದು ಅದೊಂದೇ ಸಲ.

ಮೂರು ವಾರ ಹೊಲ ಖಾಲಿ ಇತ್ತು. ನಾಲ್ಕನೆಯ ವಾರ ದಂಡೆಯಿಂದ ನೋಡಿದೆ. ಐದು ಯಂತ್ರ ಸುತ್ತುತ್ತಿವೆ, ಅವುಗಳ ಬುಡದಲ್ಲೇ ಇನ್ನೂರು ಮುನ್ನೂರು ಪಾರಿವಾಳ ಮೇಯುತ್ತಿವೆ. ಒಂದು ಕಂಬದ ತುದಿಯ ಮೇಲೇ ಕೂತು ಗರಿ ಬಿಡಿಸಿಕೊಳ್ಳುತ್ತಿತ್ತು. ಬಂದೂಕಿಲ್ಲದ ಕಡೆ ಹೆದರಿಕೆ ಎಷ್ಟು ದಿನ ಉಳಿದೀತು? ಈಗ ಅದು ಕರೆಯುವುದೂ ಇಲ್ಲ, ಓಡಿಸುವುದೂ ಇಲ್ಲ. ಸುಮ್ಮನೆ ಸುತ್ತುತ್ತದೆ.

ಮೊನ್ನೆ ಭಾನುವಾರ ಜೂಲಿಯನ್ ಪಂಪ್‌ಹೌಸಿಗೇ ಬಂದ. ಮುಖ ಸಣ್ಣಗಾಗಿತ್ತು. "ಹತ್ತು ದಿನದಲ್ಲಿ ಕೊಯ್ಲು. ಆ ದರಿದ್ರ ಯಂತ್ರಗಳನ್ನ ಕಿತ್ತು ಹಾಕ್ತೀನಿ. ಬಂದು ಕೂತ್ಕೊ. ಆ ಮುದುಕ ಇದಾನಾ ಇನ್ನೂ? ಅವನನ್ನೂ ಕರ್ಕೊಂಡು ಬಾ. ವಿಮೆಯವರನ್ನ ನಾನು ನೋಡ್ಕೋತೀನಿ."

"ನೀನೇ ಹೋಗಿ ಕರಿ," ಎಂದೆ.

"ನಾನು ಕರೆದ್ರೆ ಬರ್ತಾನಾ?"

"ನಾನು ಕರೆದ್ರೆ ಬರ್ತಾನಾ?" ಎಂದೆ.

ಹಾಗಾಗಿ ಇದು ಪತ್ರ. ಶನಿವಾರ ಎಂಟಕ್ಕೆ ಗೇಟಿನ ಹತ್ತಿರ ಇರುತ್ತೇನೆ. ಮೊದಲ ಹತ್ತು ನಿನ್ನದು, ಹದಿನಾಲ್ಕಾದರೂ ಎಣಿಸುವುದಿಲ್ಲ. ಬಾರದಿದ್ದರೆ ನಾನೂ ಗೇಟು ತೆಗೆಯುವುದಿಲ್ಲ. ಬಟಾಣಿಯನ್ನು ಯಾರು ತಿಂದರೂ ನನಗೆ ಒಂದೇ. ನಿನ್ನ ಮೊಣಕಾಲಿಗೆ ಈ ಬೇಸಿಗೆ ದಯೆ ತೋರಲಿ, ಎನಿಡ್‌ಳ ನಾಲಿಗೆ ಹೀಗೆಯೇ ಹರಿತವಾಗಿರಲಿ, ನಿಮ್ಮ ಹಾಸಿಗೆಯಷ್ಟು ತೋಟದಲ್ಲಿ ಬೀನ್ಸ್ ಚೆನ್ನಾಗಿ ಹಬ್ಬಲಿ. ನನ್ನ ಹೆಸರಿನ ಆ ದಪ್ಪ ಹಕ್ಕಿಗೂ ಕಾಳು ತಪ್ಪಿಸಬೇಡ.

ನಿನ್ನ
ಡೆಸ್

ಮತ್ತೆ: ಲಕೋಟೆಗೆ ಗೋಂದು ಹಚ್ಚಿ ಮತ್ತೆ ಬಿಚ್ಚಿದೆ. ಬಾಯಿ ಕಟ್ಟಿಹೋಯಿತು ಎಂದು ಬರೆದೆನಲ್ಲ, ಅದು ಸುಳ್ಳು. ಜೂಲಿಯನ್ ನನ್ನ ಹೆಸರನ್ನು ತಾನಾಗಿ ಬರೆದುಕೊಳ್ಳಲಿಲ್ಲ. ಪೆನ್ನು ತೆಗೆದು ನನ್ನ ಮುಖ ನೋಡಿದ. "ನಿನಗೆ ಬೇಜಾರಾದ್ರೆ ಮುದುಕನ ಹೆಸರೇ ಹಾಕ್ತೀನಿ, ಯಂತ್ರ ಅವನಿಗೆ ಕೊಟ್ಟುಬಿಡು. ನನಗೆ ಎರಡೂ ಒಂದೇ. ಹೇಳು," ಎಂದ. ಇಡೀ ದಿನ ಸೋಲಲೆಂದೇ ಕೂತವನು ನಾನು. ಒಂದು ಹೆಸರು ಹೇಳಿದ್ದರೆ ಸಾಕಿತ್ತು. "ನನ್ನದೇ ಹಾಕು," ಎಂದೆ. ಯೋಚಿಸಿ ಹೇಳಲಿಲ್ಲ, ಯೋಚನೆಗೆ ಮೊದಲೇ ಅದು ಬಾಯಲ್ಲಿತ್ತು. ಎಷ್ಟು ವರ್ಷದಿಂದ ಇತ್ತೋ ಗೊತ್ತಿಲ್ಲ. ಗಟ್ಟಿಯಾಗಿಯೇ ಹೇಳಿದೆ, ಅವನ ಬೈಕಿನ ಎಂಜಿನ್ ಓಡುತ್ತಿತ್ತು.

ನೀನು ಟ್ರೇಲರಿನ ಹಿಂದೆ ಹಕ್ಕಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ನನಗೆ ಕಾಣುತ್ತಿದ್ದದ್ದು ನಿನ್ನ ಟೋಪಿಯ ಮೇಲ್ಭಾಗ ಮಾತ್ರ. ಅದು ಅಲುಗಾಡುತ್ತಿದ್ದದ್ದು ನಿಂತಿತು. ಬಂದೂಕಿನ ಸದ್ದಿಗೆ ನಿನ್ನ ಎಡಗಿವಿ ಸತ್ತು ಹದಿನೈದು ವರ್ಷವಾಯಿತು, ಆ ಕಡೆಯಿಂದ ಕೂಗಿದರೂ ನಿನಗೆ ತಿಳಿಯುವುದಿಲ್ಲ. ಬಲಗಿವಿಗೆ ಹುಲ್ಲಿನಲ್ಲಿ ಇಲಿ ಹೋದದ್ದೂ ಕೇಳುತ್ತದೆ. ಕಾರು ಹತ್ತುವಾಗ ನೀನು ನನ್ನನ್ನು ನೋಡದೆ ಹೋದದ್ದು ನೆಲ ಹೋಯಿತೆಂದೋ, ಆ ಮಾತು ಕೇಳಿತೆಂದೋ, ಎರಡು ವರ್ಷದಿಂದ ಮನಸ್ಸಿನಲ್ಲೇ ಟ್ರೇಲರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದೇನೆ. ಸಿರಿಲ್, ಆಗ ನನ್ನ ಕಡೆಗಿದ್ದದ್ದು ನಿನ್ನ ಯಾವ ಕಿವಿ?